ಬೆಳ್ಳಿ ಬಟ್ಟಲು ಉಜ್ಜಿದ ಕೈ

ಹದಿನೇಳು ಬಟ್ಟಲುಗಳ ಉಜ್ಜುಗೂಲಿ ಬಾಕಿ ಇತ್ತು; ಒಂದಕ್ಕೆ ಇನ್ನೂರರಂತೆ ಮೂರು ಸಾವಿರದ ನಾನೂರು. ಬಟ್ಟಲೆಂದರೆ ಊಟದ್ದಲ್ಲ, ಹಳೆ ಮೋಟರ್‌ಸೈಕಲ್ಲುಗಳ ಹೆಡ್‌ಲೈಟಿನೊಳಗೆ ಬಲ್ಬಿನ ಬೆನ್ನಿಗೆ ಕೂರುವ ರಿಫ್ಲೆಕ್ಟರು. ಕೊಡಬೇಕಾದವನು ಗ್ಯಾರೇಜಿನ ಮಾಲೀಕ. ಬರಬೇಕಾದದ್ದು ಅವನ ಒಡಹುಟ್ಟಿದ ಅಕ್ಕನಿಗೆ. ಪಾತ್ರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಿತ್ತಾಳೆ ಉಜ್ಜಿ, ನಡುವೆ ಎರಡು ಮುಷ್ಕರ ಮಾಡಿ, ಒಂದನ್ನು ಗೆದ್ದು ಬಂದ ಹೆಂಗಸು ಆಕೆ. ಅವತ್ತು ಮಧ್ಯಾಹ್ನ ಹದಿನೆಂಟನೆಯ ಬಟ್ಟಲನ್ನು ಮನೆಗಂಟಿದ ಗ್ಯಾರೇಜಿನ ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು ಕೂತಿದ್ದಳು.

ತಮ್ಮ: ಅಕ್ಕಾ, ಇನ್ನೇನು ಹಲ್ಲಿನ ಡಾಕ್ಟರು ಬಂದ್ಬಿಡ್ತಾರೆ. ಈ ಬಟ್ಟಲು ಅವರ ಗಾಡೀದು, ನಾಳೆ ಬೆಳಿಗ್ಗೆ ಹಳೆ ಗಾಡಿಗಳ ಮೆರವಣಿಗೆ. ಎದ್ದು ಒಂದು ಕೈ ಆಡಿಸು ತಾಯಿ.

ಅಕ್ಕ: ಹದಿನೇಳು ಸಲ ಆಡಿಸಿದೀನಿ. ಮೊದಲು ಅದರದ್ದು ಎಣಿಸು.

ತಮ್ಮ: ಮನೆಯವರಿಗೆ ಎಂಥ ಕೂಲಿ? ನೀನೇನು ಹೊರಗಿನವಳಾ?

ಅಕ್ಕ: ಉಜ್ಜಿದ್ದಕ್ಕೆ ಅಂತ ಗಿರಾಕಿ ಹತ್ರ ಇಸ್ಕೊಂಡು ಜೇಬಿಗೆ ಇಳಿಸ್ತೀಯಲ್ಲ, ಆಗ ಮಾತ್ರ ನಾನು ಹೊರಗಿನವಳು.

ತಮ್ಮ: ಎರಡು ಹೊತ್ತು ಊಟ ಹಾಕ್ತಿಲ್ವಾ?

ಅಕ್ಕ: ಊಟ ಹಾಕೋದು ನಿನ್ನ ಹೆಂಡ್ತಿ. ಕರೀಲಾ? ಅವಳ ಬಾಕಿ ಎಷ್ಟಿದೆ ಅಂತ ಅವಳೂ ಹೇಳ್ಲಿ.

ತಮ್ಮ ಗಾಬರಿಯಿಂದ ಒಳಬಾಗಿಲ ಕಡೆ ನೋಡಿದ. ಸದ್ಯ, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು.

ತಮ್ಮ: ಬಿಡು, ನೀನು ಬೇಡ. ಉಜ್ಜೋದೇನು ಮಹಾ ವಿದ್ಯೆಯಾ? ನಾನೇ ಉಜ್ತೀನಿ.

ಅಕ್ಕ: ಧಾರಾಳವಾಗಿ.

ಹಿತ್ತಾಳೆಯ ಮೇಲೆ ಹೊಸದಾಗಿ ಬೆಳ್ಳಿ ಲೇಪ ಹಿಡಿಸಿಕೊಂಡು ಬಂದ ಬಟ್ಟಲು ಮೊದಲಿಗೆ ಹಾಲಿನಂತೆ ಮಂಕಾಗಿರುತ್ತದೆ. ಅದನ್ನು ಕನ್ನಡಿ ಮಾಡುವುದು ಕೆಂಪು ಪುಡಿ, ಹತ್ತಿ ಮತ್ತು ಬೆರಳು. ಬಲ್ಬಿನ ತೂತಿನಿಂದ ಅಂಚಿನವರೆಗೆ ನೇರಕ್ಕೆ ಎಳೆಯಬೇಕು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಬೆಳ್ಳಿಯೋ ಕಾಗದಕ್ಕಿಂತ ತೆಳು. ಕೈ ಭಾರವಾದರೆ ಕಥೆ ಮುಗಿಯಿತು. ತಮ್ಮ ಮುಷ್ಟಿ ತುಂಬ ಪುಡಿ ಸುರಿದು ಗರಗರನೆ ಸುತ್ತಲಾರಂಭಿಸಿದ.

ಅಕ್ಕ: ನೆಲ ಒರೆಸ್ತಿದೀಯಾ?

ಅಷ್ಟರಲ್ಲಿ ಡಾಕ್ಟರು ಬಂದೇಬಿಟ್ಟರು. ಇಸ್ತ್ರಿ ಅಂಗಿ, ಕೈಯಲ್ಲಿ ಚರ್ಮದ ಚೀಲ, ಬಾಯಿ ತುಂಬ ನಗು.

ಡಾಕ್ಟರು: ಆಹಾ! ಕೊನೆಗೂ ನಿಮ್ಮ ಕೈಚಳಕ ಕಣ್ಣಾರೆ ನೋಡೋ ಹಾಗಾಯ್ತು! "ನನ್ನ ಈ ಎರಡು ಕೈ ಬಿಟ್ರೆ ಬೇರೆ ಯಾರೂ ಬಟ್ಟಲು ಮುಟ್ಟಲ್ಲ" ಅಂದಿದ್ರಲ್ಲ.

ಅಕ್ಕ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಉಗುರಿನ ಸಂದಿಯಲ್ಲೆಲ್ಲ ಕೆಂಪು ಪುಡಿ.

ಅಕ್ಕ: ಹಂಗಂದ್ಯಾ ತಮ್ಮಾ? ಯಾವ ಎರಡು?

ತಮ್ಮ: ಅಕ್ಕನಿಗೆ ಸ್ವಲ್ಪ... ವಯಸ್ಸಾಯ್ತಲ್ಲ ಡಾಕ್ಟ್ರೇ.

ಡಾಕ್ಟರು: ಅಯ್ಯೋ ಪಾಪ. ಕೈಗೇನು ತೊಂದರೆ ಅಮ್ಮಾ?

ಅಕ್ಕ: ಏಳ್ತಾನೇ ಇಲ್ಲ ಡಾಕ್ಟ್ರೇ.

ಡಾಕ್ಟರು: ಯಾವಾಗಿನಿಂದ?

ಅಕ್ಕ: ಹದಿನೇಳನೇದು ಆದ ಮೇಲಿಂದ.

ಡಾಕ್ಟರು: ಹದಿನೇಳು ಮಕ್ಕಳಾ!

ಅಕ್ಕ: ಹೂಂ. ಹದಿನೇಳೂ ಪಳಪಳ ಅಂತಿವೆ. ಊರೆಲ್ಲ ಹೊಗಳ್ತಾರೆ. ಹೆತ್ತೋಳು ನಾನು, ಹೆಸರು ಮಾತ್ರ ಸೋದರಮಾವಂದು.

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ತಮ್ಮನಿಗೆ ಎಲ್ಲ ತಿಳಿದು, ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿತು. ಡಾಕ್ಟರು ಬಟ್ಟಲನ್ನು ಬಗ್ಗಿ ನೋಡಿದರು.

ಡಾಕ್ಟರು: ಇದೇನ್ರೀ, ಗ್ರಾಮೊಫೋನ್ ತಟ್ಟೆ ಥರ ಸುತ್ತು ಗೆರೆ?

ತಮ್ಮ: ಅದು... ಹೊಸ ವಿಧಾನ.

ಡಾಕ್ಟರು: ಸರೀರಿ, ಈಚೆ ಕೊಡಿ. ಹೊಳಪಿನ ವಿಷಯ ನನಗೆ ಬಿಡಿ. ಬಾಯಿಗಟ್ಟಲೆ ಹಲ್ಲಿಗೆ ಹೊಳಪು ಕೊಟ್ಟವನು ನಾನು!

ಚೀಲದಿಂದ ಒಂದು ಪೇಸ್ಟಿನ ಡಬ್ಬಿ ಹೊರಬಂತು. ಹಿಂದೆಯೇ ಗಿರ್ರನೆ ತಿರುಗುವ ಪುಟ್ಟ ಬ್ರಶ್ಶು. ಹಲ್ಲಿಗೆ ಅಂಟಿದ ವರ್ಷಗಟ್ಟಲೆಯ ಕೊಳೆಯನ್ನು ಕೆರೆದು ತೆಗೆಯುವ ಸರಂಜಾಮು. ಅಕ್ಕನ ಕೈ ತಾನಾಗಿಯೇ ಅರ್ಧ ಮೇಲೆದ್ದಿತು. ಕೆಡುವ ಕೆಲಸವನ್ನು ನೋಡಿಕೊಂಡು ಕೂತು ಅಭ್ಯಾಸವಿರಲಿಲ್ಲ ಅವಳಿಗೆ.

ಅಕ್ಕ: ಡಾಕ್ಟ್ರೇ, ಅದು ಹಲ್ಲಲ್ಲ.

ಡಾಕ್ಟರು: ಹಲ್ಲಿಗಿಂತ ಗಟ್ಟಿ ಅಮ್ಮಾ, ಲೋಹ!

ತಮ್ಮ: ಓದಿದೋರಿಗೆ ಗೊತ್ತಿರತ್ತೆ ಅಕ್ಕಾ. ನೀನು ಸುಮ್ನಿರು.

ಅಕ್ಕ ಸುಮ್ಮನಾದಳು. ಬ್ರಶ್ಶು ಸುಮ್ಮನಿರಲಿಲ್ಲ. ಅರ್ಧ ನಿಮಿಷ ಕಳೆಯಿತೋ ಇಲ್ಲವೋ, ಬಟ್ಟಲಿನ ನಡುವೆ ಹಳದಿ ಚಂದ್ರನೊಬ್ಬ ಮೂಡಿದ.

ಡಾಕ್ಟರು: ನೋಡ್ರೀ, ನೋಡ್ರೀ! ಬಂಗಾರದ ಬಣ್ಣ ಬಂತು!

ಅಕ್ಕ: ಬಂಗಾರ ಅಲ್ಲ, ಹಿತ್ತಾಳೆ. ಬೆಳ್ಳಿ ನಿಮ್ಮ ಬ್ರಶ್ಶಲ್ಲಿದೆ. ಬಾಯಿ ಮುಕ್ಕಳಿಸಿ ಉಗಿಯೋಕೆ ಹೇಳಿ ಅದಕ್ಕೆ.

ಬ್ರಶ್ಶು ನಿಂತಿತು. ಡಾಕ್ಟರ ನಗೆಯೂ ನಿಂತಿತು.

ಡಾಕ್ಟರು: ನಾಳೆ ಮೆರವಣಿಗೆ! ಎಲ್ಲರಿಗಿಂತ ಮುಂದೆ ನನ್ನ ಗಾಡಿ! ಏನ್ರೀ, ನಿಮ್ಮ ಆ ಎರಡು ಕೈಯಿಂದ ಏನಾದ್ರೂ ಮಾಡ್ರೀ!

ತಮ್ಮ ತನ್ನ ಕೈಗಳನ್ನು ಯಾರೋ ಮರೆತುಹೋದ ಸಾಮಾನಿನಂತೆ ನೋಡಿದ.

ತಮ್ಮ: ಡಾಕ್ಟ್ರೇ... ಈ ಕೈ ಅಲ್ಲ. (ಅಕ್ಕನ ಕಡೆ ಗದ್ದ ಎತ್ತಿ) ಆ ಕೈ. ಮೊದಲಿಂದ ಎಲ್ಲವೂ ಆ ಕೈದೇ.

ಡಾಕ್ಟರು: ಅದು ಏಳಲ್ಲ ಅಂದ್ರಲ್ಲ!

ತಮ್ಮ: ಏಳತ್ತೆ. ಔಷಧಿ ನನ್ನ ಜೇಬಲ್ಲಿದೆ.

ನೋಟುಗಳು ಒಂದೊಂದಾಗಿ ಮೇಜಿಗೆ ಬಂದವು. ಅಕ್ಕ ಎಂಜಲು ಹಚ್ಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಅಕ್ಕ: ಮೂರು ಸಾವಿರದ ನಾನೂರು. ಇನ್ನೂ ಇನ್ನೂರು ಇಡು.

ತಮ್ಮ: ಹದಿನೆಂಟನೇದು ಇನ್ನೂ ಉಜ್ಜಿಲ್ವಲ್ಲ!

ಅಕ್ಕ: ಮುಂಗಡ. ಉಜ್ಜಿದ ಮೇಲೆ ಕೇಳಿ ನೋಡಾಯ್ತು. ಇಟ್ಟು ಓಡು, ಬೆಳ್ಳಿ ಹಿಡಿಸೋನು ಐದಕ್ಕೆ ಬಾಗಿಲು ಹಾಕ್ತಾನೆ. ಅವನ ದುಡ್ಡು ಡಾಕ್ಟ್ರು ಕೊಡ್ತಾರೆ.

ಡಾಕ್ಟರು: ನಾನ್ಯಾಕೆ?

ಅಕ್ಕ: ಬೆಳ್ಳಿ ಯಾರ ಬ್ರಶ್ಶಲ್ಲಿದೆ?

ಡಾಕ್ಟರು ಪರ್ಸು ತೆಗೆದರು. ತಮ್ಮ ಬಟ್ಟಲನ್ನು ಎದೆಗವಚಿಕೊಂಡು ಬೀದಿಗೆ ಓಡಿದ. ಅವನು ತಿರುವು ದಾಟಿದ್ದೇ ತಡ, ಡಾಕ್ಟರ ಸ್ವರ ಏರಿತು.

ಡಾಕ್ಟರು: ಛೆ ಛೆ! ಸ್ವಂತ ಅಕ್ಕನ ಕೈಲಿ ದುಡಿಸ್ಕೊಂಡು ಕೂಲಿ ಕೊಡಲ್ಲ ಅಂದ್ರೆ! ಎಂಥ ಮನುಷ್ಯನಮ್ಮಾ ನಿಮ್ಮ ತಮ್ಮ!

ಅಕ್ಕ: ಬಿಡಿ ಡಾಕ್ಟ್ರೇ. ಅಂದಹಾಗೆ, ನೀವು ಮುದುಕರಿಗೆಲ್ಲ ಹಲ್ಲಿನ ಸೆಟ್ಟು ಕೂರಿಸ್ತೀರಲ್ಲ, ಅದಕ್ಕೆ ಹೊಳಪು ಹಿಡಿಸೋರು ಯಾರು?

ಡಾಕ್ಟರು: ಅದಾ? ನಮ್ಮ ಅತ್ತಿಗೆ. ತುಂಬಾ ನಾಜೂಕು ಕೈ. ಹೇಗೂ ಮನೇಲೇ ಇರ್ತಾರಲ್ಲ, ಹೊತ್ತೂ ಹೋಗುತ್ತೆ ಅಂತ...

ಅಕ್ಕ: ಇಲ್ಲೀವರೆಗೆ ಎಷ್ಟು ಸೆಟ್ಟಾಯ್ತು?

ಡಾಕ್ಟರು ಕೆಮ್ಮಿದರು. ಚೀಲದ ಜಿಪ್ಪನ್ನು ತೆಗೆದರು, ಹಾಕಿದರು. ಇದ್ದಕ್ಕಿದ್ದಂತೆ ಅವರಿಗೆ ಒಂದು ಫೋನು ಮಾಡುವುದು ನೆನಪಾಗಿ ಹೊರಗೆ ಹೋದರು. "ಅತ್ತಿಗೇ, ಒಂದು ಮಾತು..." ಎಂದದ್ದಷ್ಟೇ ಅಕ್ಕನಿಗೆ ಕೇಳಿಸಿತು. ಆಕೆ ಹೊಸ ಹತ್ತಿಯನ್ನು ಹಿಂಜಿ ಉಂಡೆ ಕಟ್ಟತೊಡಗಿದಳು.

ಡಾಕ್ಟರನ್ನು ನೋಡಿ ನಕ್ಕಿರಲ್ಲವೇ? ಈಗ ನಿಮ್ಮ ಸರದಿ. ನಿಮ್ಮ ಹೆಸರಿನಲ್ಲಿ ಹೊಳೆಯುವುದು ಏನಾದರೊಂದು ಇದ್ದೇ ಇದೆ, ಅದನ್ನು ಉಜ್ಜಿದ ಕೈ ಯಾವುದೆಂದೂ ನಿಮಗೆ ಚೆನ್ನಾಗಿ ಗೊತ್ತು. ಪುಸ್ತಕ ಮಡಚಿ. ಎದ್ದುಹೋಗಿ ಆ ಕೈಗೆ ಅದರ ಕೂಲಿ ಎಣಿಸಿ. ಚಿಲ್ಲರೆ ಇಲ್ಲ ಅನ್ನಬೇಡಿ.