ಬಾತುಕೋಳಿಯ ಹೊಟ್ಟೆಯೊಳಗಿನ ದಂಪತಿ

ಬಾತುಕೋಳಿಯ ಜಠರದ ಗೋಡೆಯಲ್ಲಿದ್ದ ಪುಟ್ಟ ಗೂಡೊಂದನ್ನು ಕನಸುಗಣ್ಣ ಸೂಜಿಯಿಂದ ಮೆಲ್ಲಗೆ ಬಿಡಿಸಿದ. ಬಿಡಿಸದೇ ಇದ್ದಿದ್ದರೆ ಚೆನ್ನಾಗಿತ್ತು, ಪಾಪ.

ಅವನು ವಸ್ತುಸಂಗ್ರಹಾಲಯದ ದುಂಡುಹುಳು ವಿಭಾಗದ ಹಂಗಾಮಿ ನೌಕರ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಸಾಕು, ಹಾಗೇ ಕನಸಿಗೆ ಜಾರುತ್ತಿದ್ದ. ಆ ಅಡ್ಡಹೆಸರು ಬಂದದ್ದೇ ಹಾಗೆ. ಹುಳುಗಳನ್ನು ಕುಟುಂಬಗಳಾಗಿ ವಿಂಗಡಿಸಿ ಒಂದೊಂದು ಕುಟುಂಬಕ್ಕೆ ಒಬ್ಬ ಅಧಿಕಾರಿ, ಇದು ಅಲ್ಲಿಯ ಪದ್ಧತಿ. ಅವನು ಪತ್ತೆಹಚ್ಚಿದ ಕಾಳಿನಂಥ ಕೆಂಪು ಹುಳು ಹೊಸ ಕುಟುಂಬದ್ದೆಂದು ಸಮಿತಿ ಅಂದು ಮಧ್ಯಾಹ್ನ ಒಪ್ಪಿದರೆ ಅವನ ಕೆಲಸ ಖಾಯಂ. ಹೆಂಡತಿ ಆಗಲೇ ಹೊಸ ಪರದೆಯ ಬಣ್ಣ ಆರಿಸಿದ್ದಳು.

ಗೂಡಿನಲ್ಲಿ ಕೆಂಪು ಹುಳು ಒಂಟಿಯಾಗಿರಲಿಲ್ಲ. ಬಿಳಿ ನೂಲಿನಂಥ ಹುಳುವೊಂದು ಅವಳನ್ನು ತಬ್ಬಿ ಮಲಗಿತ್ತು. ನೂಲುಹುಳುಗಳು ಬೇರೆಯೇ ಕುಟುಂಬ. ವಿಭಾಗದ ಸಾಹೇಬರು ಹರೆಯದಲ್ಲಿ ಸ್ಥಾಪಿಸಿದ್ದು. ಸಾಹೇಬರ ಹುಳುಗಳೆಲ್ಲ ಗಂಡು, ಇವನವೆಲ್ಲ ಹೆಣ್ಣು. ಇದೇನು ವಿಚಿತ್ರವೆಂದು ಒಬ್ಬರೂ ಕೇಳಿರಲಿಲ್ಲ. ಇವರಿಬ್ಬರು ಗಂಡ ಹೆಂಡತಿಯಾದರೆ ಎರಡೂ ಒಂದೇ ಕುಟುಂಬ, ಕನಸುಗಣ್ಣನಿಗೆ ಖಾಯಂ ಕೆಲಸವೂ ಇಲ್ಲ.

ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕದಡಿ ಇಡುವ ಗಾಜಿನ ಪಟ್ಟಿಗಳನ್ನು ತಯಾರಿಸುವ ಗಾಜಿನಕ್ಕನನ್ನು ಕರೆದು ತೋರಿಸಿದ. ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದು ಅವಳು ಕಣ್ಣೊರೆಸಿಕೊಂಡಳು. ಆಮೇಲೆ, ಸೂಜಿಯಿಂದ ಗಂಡನ್ನು ಬಿಡಿಸಿ ಎಸೆದುಬಿಡು, ಯಾರಿಗೂ ಹೇಳಬೇಡ ಎಂದು ಬುದ್ಧಿ ಹೇಳಿ ಹೋದಳು.

ಕನಸುಗಣ್ಣ ಸೂಜಿ ಎತ್ತಿದ. ಕೈ ಬರಲಿಲ್ಲ. ಕಣ್ಣು ತಾನಾಗಿ ಮುಚ್ಚಿತು. ಬೆಚ್ಚನೆಯ ಕೆಂಪು ಬೆಳಕಿನ ಮನೆ. ಮನೆ ತುಂಬ ಹೆಂಡತಿ, ಗೋಡೆಗೊರಗಿ ನಿಂತ ಬಡಕಲು ಗಂಡ. "ನಮ್ಮಿಬ್ಬರನ್ನ ಯಾಕಪ್ಪಾ ಬೇರೆ ಬೇರೆ ಮನೆಗೆ ಹಾಕಿದೆ?" ಎಂದು ಅವಳು ಬೇಸರದಿಂದ ಕೇಳಿದಳು. ಅವನಿಗೆ ಅಳು ಬಂತು.

ಎಚ್ಚರವಾದಾಗ ಸಾಹೇಬರು ಬೆನ್ನ ಹಿಂದೆಯೇ ನಿಂತಿದ್ದರು. ಕನಸಿನ ಗುಂಗಿನಲ್ಲೇ ಅವನು ಎಲ್ಲವನ್ನೂ ಒಪ್ಪಿಸಿಬಿಟ್ಟ. ತಮ್ಮ ಕುಟುಂಬಕ್ಕೇ ಕೈಹಾಕಿದನೆಂದು ಅವರು ಸಿಡಿದೇಳುತ್ತಾರೆ ಅಂದುಕೊಂಡಿದ್ದ. ಆದರೆ ಅವರು ಬಗ್ಗಿ ಸೂಕ್ಷ್ಮದರ್ಶಕದಲ್ಲಿ ಹುಳುಗಳನ್ನು ನೋಡಿದರು.

"ನಂಗೆ ಮೊದಲೇ ಗೊತ್ತಿತ್ತು ಕಣಯ್ಯಾ."

"ಮತ್ತೆ ಯಾಕೆ ಹೇಳಲಿಲ್ಲ ಸಾರ್?"

"ಇನ್ನೊಂದು ಕುಟುಂಬ ಇಲ್ಲದೆ ನಿನಗೆ ಹುದ್ದೆ ಎಲ್ಲಿಂದ ತರಲಿ? ನೀನು ಖಾಯಂ ಆಗಲಿ, ಆಮೇಲೆ ನಾನೇ ಇವರನ್ನ ಒಂದು ಮಾಡೋಣ ಅಂತಿದ್ದೆ."

ಕನಸುಗಣ್ಣನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಸಂಜೆಯವರೆಗೆ ಮುಚ್ಚಿಡೋಣ ಎಂದು ಕೈಮುಗಿದ. ಸಾಹೇಬರು ಬಾಗಿಲಿನತ್ತ ಕೈ ತೋರಿಸಿದರು.

ಯಾರಿಗೂ ಹೇಳಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿ ಬಂದಿದ್ದ ಗಾಜಿನಕ್ಕ ಅಲ್ಲಿ ಸಮಿತಿಯವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದಳು.

"ಒಬ್ಬೊಬ್ಬರೇ ಬನ್ನಿ," ಎಂದಳು ಪಿಸುದನಿಯಲ್ಲಿ. "ಗಲಾಟೆ ಮಾಡಬೇಡಿ, ಗಂಡ ಹೆಂಡತಿ ಮಲಗಿದ್ದಾರೆ."