ಪ್ಲಂಬರ್ ಯಜಮಾನರ ಕೊಬ್ಬಿನ ಪಾಠ

ಹೆಂಡತಿಗೆ ಕೊಬ್ಬು ಜಾಸ್ತಿ ಎಂದು ಪ್ಲಂಬರ್ ಯಜಮಾನರು ಮದುವೆಯಾದ ಲಾಗಾಯ್ತಿನಿಂದ ಹೇಳುತ್ತಲೇ ಬಂದಿದ್ದರು. ಅದನ್ನೇ ಲ್ಯಾಬಿನವರು ಅಚ್ಚು ಹಾಕಿ, ಸೀಲು ಒತ್ತಿ ಕೈಗಿತ್ತಾಗ ಮಾತ್ರ ಅವರು ಹೆಂಡತಿಯನ್ನು ಎಳೆದುಕೊಂಡು ಆಸ್ಪತ್ರೆಗೆ ಓಡಿದರು.

"ಕೊಲೆಸ್ಟರಾಲ್ ಜಾಸ್ತಿಯಿದೆ. ಆರು ವಾರ ಪಥ್ಯ ಮಾಡಿ, ದಿನಾ ನಡೀರಿ" ಎಂದರು ಡಾಕ್ಟರಮ್ಮ. "ರಕ್ತನಾಳದೊಳಗೆ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾದರೆ ಹೃದಯ ಜೋರಾಗಿ ತಳ್ಳಬೇಕಾಗುತ್ತೆ. ಆಗ ಬೀಪೀನೂ ಏರುತ್ತೆ."

ಮೂವತ್ತು ವರ್ಷ ಪೈಪುಗಳ ಹೊಟ್ಟೆ ಬಗೆದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅವತ್ತೇ ಅಡುಗೆಮನೆಗೆ ನುಗ್ಗಿ ಬೆಣ್ಣೆ, ಚೀಸು, ಬಿಸ್ಕತ್ತಿನ ಡಬ್ಬ ಎಲ್ಲವನ್ನೂ ಪಕ್ಕದ ಮನೆಗೆ ದಾನ ಮಾಡಿದರು. (ಪಕ್ಕದ ಮನೆಯವರ ರಕ್ತನಾಳದ ಗತಿಯೇನೆಂದು ಯೋಚಿಸಲಿಲ್ಲ.)

ಊಟಕ್ಕೆ ಕೂತರೆ ಉಪನ್ಯಾಸ.

"ಪಂಪು ಪಾಪ ಎಷ್ಟು ಅಂತ ತಳ್ಳುತ್ತೆ ಕಣೇ?"

"ರೀ, ನನ್ನ ಬೀಪಿ ಸರಿಯಾಗಿದೆ ಅಂತ ಡಾಕ್ಟರಮ್ಮ ಹೇಳಿದ್ರಲ್ಲ!"

"ಪೈಪು ಒಡೆಯೋ ಹಿಂದಿನ ದಿನ ಎಲ್ಲಾರ ಮನೇಲೂ ಸರಿಯಾಗೇ ಇರುತ್ತೆ!"

ಹೀಗೆ ಕೂಗುತ್ತಲೇ ಗಾಬರಿಯಿಂದ ಅವಳ ನಾಡಿ ಹಿಡಿದು ನೋಡುತ್ತಿದ್ದರು. ಅದನ್ನು ಕಂಡ ಹೆಂಡತಿ ಬೇಯಿಸಿದ ತರಕಾರಿ ನುಂಗುತ್ತಿದ್ದಳು.

ಯಜಮಾನರೂ ಮನೆಯಲ್ಲಿ ಅದನ್ನೇ ತಿಂದರು. ಆದರೆ ಕೆಲಸಕ್ಕೆ ಹೋಗುವಾಗ ಬೇಕರಿಗೆ ಹೊಕ್ಕು ಕರಿದದ್ದು ಎರಡು, ಕೆನೆ ಹಚ್ಚಿದ್ದು ಒಂದು ಮುಗಿಸುತ್ತಿದ್ದರು. ಹೆಂಡತಿಯ ಚಿಂತೆಯಲ್ಲಿ ಸೊರಗುವ ಜೀವಕ್ಕೆ ಆಧಾರ ಬೇಡವೆ?

ಆರು ವಾರ ಕಳೆಯಿತು. ಯಜಮಾನರು ಕೆಲಸದಿಂದ ನೇರವಾಗಿ ಆಸ್ಪತ್ರೆಗೇ ಬಂದರು. ಹೊಸ ರಿಪೋರ್ಟ್ ನೋಡಿ ಡಾಕ್ಟರಮ್ಮ, "ಚೆನ್ನಾಗಿ ಇಳಿದಿದೆ" ಎಂದು ನಕ್ಕರು.

"ಎಲ್ಲಾ ನನ್ನ ಉಸ್ತುವಾರಿ" ಎಂದು ಯಜಮಾನರು ಎದೆಯುಬ್ಬಿಸಿದರು.

"ಹಾಗೇ ಇವರದ್ದೂ ಒಂದ್ಸಲ ನೋಡಿಬಿಡಿ" ಎಂದಳು ಹೆಂಡತಿ.

"ನನಗೇನು ಧಾಡಿ?" ಎನ್ನುವಷ್ಟರಲ್ಲಿ ತೋಳಿಗೆ ಪಟ್ಟಿ ಬಿತ್ತು. ಡಾಕ್ಟರಮ್ಮ ಒಮ್ಮೆ ನೋಡಿದರು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರು.

"ಬೀಪಿ ನೂರೆಪ್ಪತ್ತು, ನೂರು! ರಕ್ತಾನೂ ಪರೀಕ್ಷೆಗೆ ಕೊಟ್ಟು ಹೋಗಿ. ಹೊರಗಡೆ ಏನಾದ್ರೂ ತಿಂತೀರಾ?"

ಯಜಮಾನರು ಸೋರಿಕೆ ಹುಡುಕುವವರಂತೆ ಸೂರು ನೋಡಿದರು.

"ದಿನಾ ತಿಂತಾರೆ" ಎಂದಳು ಹೆಂಡತಿ. "ಅಂಗಿ ಒಗೆಯೋಳು ನಾನಲ್ವಾ? ಕೈ ಒರೆಸ್ಕೊಂಡ ಜೇಬು ಹಿಂಡಿದ್ರೆ ದೀಪ ಹಚ್ಚೋವಷ್ಟು ಎಣ್ಣೆ ಬರುತ್ತೆ."

ಹೊರಗೆ ಬಂದವರೇ ಯಜಮಾನರು ಮೆಟ್ಟಿಲ ಮೇಲೆ ಕುಸಿದು ಕೂತರು. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನನ್ನ ನೆನೆದು ನೀವು ಅರ್ಧ ಆಗಿದ್ರಿ. ಅಲ್ಲಾದ್ರೂ ನೆಮ್ಮದಿಯಾಗಿ ತಿನ್ನಲಿ ಅಂತ ಬಿಟ್ಟೆ. ಇನ್ನು ಬಿಡೋಳಲ್ಲ. ಏಳಿ, ನಡ್ಕೊಂಡೇ ಹೋಗೋಣ."

ಆರು ವಾರದ ಅಭ್ಯಾಸವಿದ್ದವಳು ಸರಸರನೆ ಮುಂದೆ ಹೋದಳು. ಯಜಮಾನರು ಹಿಂದಿನಿಂದ ಏದುಸಿರು ಬಿಡುತ್ತಾ ಕೂಗಿದರು, "ಸ್ವಲ್ಪ ನಿಲ್ಲೇ! ಹೆಗಲ ಮೇಲೆ ಸಾಮಾನಿನ ಚೀಲ ಇದೆ, ಭಾರ!"

ಅವಳು ವಾಪಸ್ಸು ಬಂದು, ಅವರ ಬೆವರು ಒರೆಸಿ, ಸ್ಪ್ಯಾನರುಗಳ ಆ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡಳು.

ಇದ್ದೊಂದು ನೆಪವೂ ಹೋದ ಮೇಲೆ ಯಜಮಾನರು ನಡೆಯಲೇಬೇಕಾಯಿತು.