ಒಂದು ಬೀರು ತುಂಬ ಚಿತ್ರಕಥೆ

ಕೆಲವರ ಮನೆಯಲ್ಲಿ ನಗುವಂಥ ಸಂಗತಿ ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ ನಡೆಯುತ್ತದಂತೆ. ನಮ್ಮ ಯಜಮಾನರು ಚಿತ್ರಕಥೆ ಪುಸ್ತಕಗಳನ್ನು ಕೂಡಿಡಲು ಶುರುಮಾಡಿದ ಮೇಲೆ ನಮ್ಮ ಮನೆಗೆ ಅಂಥ ಸಂಗತಿಗಳು ಹಾಲಿನವನ ಹಾಗೆ ಬರತೊಡಗಿದವು, ರಜೆಯೇ ಇಲ್ಲದೆ.

ಎಪ್ಪತ್ತರ ದಶಕದ ಮಾತು. ಮದರಾಸಿನ ಮೈಲಾಪೂರ್‌ನಲ್ಲಿ ನಮ್ಮ ಬಾಡಿಗೆ ಮನೆ. ಇವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ನಾನು, ಇವರು, ನಮ್ಮತ್ತೆ, ಮತ್ತೆ ನಮ್ಮ ಒಬ್ಬಳೇ ಮಗಳು. ಮಗಳು ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಅವಳಿಗೆ ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ತಮಿಳು, ನಿದ್ದೆಯಲ್ಲಿ ಕನವರಿಸುವುದೂ ತಮಿಳು. ಒಂದು ಸಂಜೆ ಇವರು ಸ್ಲೇಟು ಹಿಡಿದು ಅ ಆ ಕಲಿಸಲು ಕೂತರು. ಅವಳು ಸ್ಲೇಟನ್ನು ಪಕ್ಕಕ್ಕೆ ತಳ್ಳಿ, "ಎನಕ್ಕು ಕನ್ನಡ ವೇಣ್ಡಾಂ, ಅಪ್ಪಾ" ಅಂದುಬಿಟ್ಟಳು. ಅವಳಿಗೆ ಕನ್ನಡ ಬೇಡವಂತೆ!

ಅವತ್ತು ಇವರು ಮೊಸರನ್ನಕ್ಕೆ ಉಪ್ಪಿನಕಾಯಿ ಕೂಡ ಹಾಕಿಸಿಕೊಳ್ಳಲಿಲ್ಲ. ಕೈತೊಳೆದು ಬಂದು, "ಕನ್ನಡ ಓದೋದು ಈ ಮನೇಲಿ ನಮ್ಮ ಜೊತೆಗೇ ಮುಗಿದುಹೋಗುತ್ತೆ ಕಣೇ" ಅಂದರು.

ಅದಾದ ಕೆಲವು ದಿನಕ್ಕೆ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ರೈಲಿನಲ್ಲಿ ಓದಿ ಮುಗಿಸಿದ ಕನ್ನಡ ಚಿತ್ರಕಥೆಯೊಂದನ್ನು ಮನೆಯಲ್ಲಿ ಬಿಟ್ಟುಹೋದರು. ರಾಜ, ರಾಕ್ಷಸ, ಆನೆ, ಕುದುರೆ, ಎಲ್ಲ ಬಣ್ಣಬಣ್ಣದಲ್ಲಿ. ಮಗಳು ಅದನ್ನು ಕೈಯಿಂದ ಕೆಳಗಿಡಲಿಲ್ಲ. ರಾಕ್ಷಸ ಏನು ಹೇಳುತ್ತಿದ್ದಾನೆ ಅಂತ ಅಪ್ಪನನ್ನು ಕೇಳಿದಳು. ಇವರು, "ಓದಿದ್ರೆ ಗೊತ್ತಾಗುತ್ತೆ" ಅಂದರು. ಆ ರಾಕ್ಷಸನ ದೆಸೆಯಿಂದ ಒಂದೇ ತಿಂಗಳಲ್ಲಿ ಒತ್ತಕ್ಷರದವರೆಗೂ ಕಲಿತಳು. ಅದನ್ನು ಕಂಡು ಇವರು ಆ ಪುಸ್ತಕದ ಮಾಲೆಯ ಅಷ್ಟೂ ಪುಸ್ತಕ ಕೂಡಿಸುತ್ತೇನೆ ಅಂತ ಹಟ ತೊಟ್ಟರು. ಮಗಳಿಗಾಗಿ ಅಂತಲೇ ಶುರುವಾದದ್ದು. ಹೊಸದು ಬಂದಾಗ ಮೊದಲು ಓದುತ್ತಿದ್ದವರು ಯಾರು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಮೊದಲನೇ ಡಿಕಾಕ್ಷನ್

ಕನ್ನಡ ಚಿತ್ರಕಥೆ ಮದರಾಸಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಬೆಂಗಳೂರು, ಮೈಸೂರಿನ ನೆಂಟರಿಗೆಲ್ಲ ಇವರು ಒಂದು ಕಾನೂನು ಮಾಡಿದ್ದರು: ಹಣ್ಣು ಬೇಡ, ಹೂವು ಬೇಡ, ಸ್ವೀಟ್ ಬೇಡ, ಬರುವಾಗ ಒಂದು ಚಿತ್ರಕಥೆ ತನ್ನಿ. ಸೆಂಟ್ರಲ್ ಸ್ಟೇಷನ್ನಿನಲ್ಲಿ ನೆಂಟರು ರೈಲಿನಿಂದ ಒಂದು ಕಾಲು ಕೆಳಗಿಡುವಷ್ಟರಲ್ಲಿ ಇವರ ಕಣ್ಣು ಅವರ ಚೀಲದ ಮೇಲೆ.

ತಂದದ್ದು ನಮ್ಮಲ್ಲಿ ಇಲ್ಲದ ಪುಸ್ತಕವಾದರೆ ಇವರೇ ಅಡುಗೆಮನೆಗೆ ಬಂದು, "ಮೊದಲನೇ ಡಿಕಾಕ್ಷನ್‌ನಲ್ಲಿ ಒಂದು ಒಳ್ಳೆ ಕಾಫಿ ಕೊಡೇ" ಅನ್ನುತ್ತಿದ್ದರು. ಇದ್ದದ್ದನ್ನೇ ತಂದಿದ್ದರೆ ಮುಖ ಸಣ್ಣ ಮಾಡಿಕೊಂಡು, "ಕಾಫಿ ಇದ್ರೆ ಕೊಡು" ಅನ್ನುವರು. ನಾನು ಯಾರಿಗೂ ಭೇದ ಮಾಡುತ್ತಿರಲಿಲ್ಲ. ಆದರೆ ಫಿಲ್ಟರಿನ ಹತ್ತಿರ ಇವರೇ ಕಾವಲು ನಿಂತರೆ ನಾನೇನು ಮಾಡಲಿ?

ಇವರ ಭಾವ ಪಾಪದವರು. ಮೂರು ಸಲ ಬಂದರು, ಮೂರು ಸಲವೂ ಇದ್ದದ್ದನ್ನೇ ತಂದರು. ನಾಲ್ಕನೇ ಸಲ ಬಂದಾಗ ಚೀಲದಿಂದ ಪುಸ್ತಕ ತೆಗೆಯಲೇ ಇಲ್ಲ. ನೇರ ಅಡುಗೆಮನೆಗೆ ಬಂದು ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟು ಪಿಸುಗುಟ್ಟಿದರು: "ತಂಗೀ, ಇದು ಕಾಫಿಪುಡಿ. ನನ್ನ ಪಾಲಿಂದು ನಾನೇ ತಂದ್ಬಿಟ್ಟಿದೀನಿ."

ನಿಲ್ಲಿಸು, ಸಾರಥಿಯೇ

ಮಗಳಿಗೆ ಎಂಟು ವರ್ಷವಾದಾಗ ಬೇಸಿಗೆ ರಜೆಗೆ ಮೈಸೂರಿಗೆ, ನಮ್ಮಣ್ಣನ ಮನೆಗೆ ಹೋದೆವು. ಸ್ಟೇಷನ್ನಿನಿಂದ ಟಾಂಗಾ ಹಿಡಿದೆವು. ದಾರಿಯಲ್ಲಿ ಮಗಳ ಒಂದು ಚಪ್ಪಲಿ ರಸ್ತೆಗೆ ಬಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ನಿಂತು, ಕೈ ಮುಂದೆ ಚಾಚಿ, ಗಟ್ಟಿಯಾಗಿ ಹೇಳಿದಳು: "ನಿಲ್ಲಿಸು, ಸಾರಥಿಯೇ! ರಥವನ್ನು ಹಿಂದಕ್ಕೆ ತಿರುಗಿಸು!"

ಅವಳ ತಪ್ಪೇನಿಲ್ಲ. ಅವಳಿಗೆ ಕನ್ನಡ ಕಲಿಸಿದವರು ರಾಜರು, ಋಷಿಗಳು, ರಾಕ್ಷಸರು. ಅವರ್ಯಾರೂ "ಸ್ವಲ್ಪ ನಿಲ್ಸಪ್ಪ" ಅಂದವರಲ್ಲ.

ಟಾಂಗಾದವನು ಗಾಡಿ ನಿಲ್ಲಿಸಿ, ಕೆಳಗಿಳಿದು, ಚಪ್ಪಲಿ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ತಾಯಿ, ಹುಟ್ಟಿದಾಗಿಂದ ಈ ಗಾಡಿ ಹೊಡೀತಿದೀನಿ. ಎಲ್ರೂ 'ಏಯ್, ನಿಲ್ಸಯ್ಯ' ಅನ್ನೋರೇ. ಇವತ್ತು ನಮ್ಮ ಕುದುರೆಗೂ ಮರ್ಯಾದೆ ಸಿಕ್ತು" ಅಂದ.

ಆದರೆ ನಮ್ಮಣ್ಣನ ಮಕ್ಕಳು ಅಷ್ಟು ಒಳ್ಳೆಯವರಲ್ಲ. ರಜೆ ಮುಗಿಯುವವರೆಗೂ "ರಾಜಕುಮಾರಿ, ಬಚ್ಚಲುಮನೆ ಖಾಲಿಯಾಯಿತು", "ರಾಜಕುಮಾರಿ, ಉಪ್ಪಿಟ್ಟು ಸಿದ್ಧವಾಗಿದೆ" ಅಂತ ಗೋಳು ಹೊಯ್ದುಕೊಂಡರು. ಮಗಳು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮನೆಯಲ್ಲಿ ಓದುವುದನ್ನು ಬಿಡಲಿಲ್ಲ, ಆದರೆ ಹೊರಗಿನವರ ಎದುರು ಕನ್ನಡದಲ್ಲಿ ಬಾಯಿ ಬಿಡುವುದನ್ನೇ ಬಿಟ್ಟಳು. ಅದರಿಂದ ಇವರಿಗೆ ಬಹಳ ನೋವಾಯಿತು. "ಬಾಯಿಗೆ ಬರಲಿ ಅಂತ ತಂದ ಪುಸ್ತಕ, ಬಾಯಿಗೆ ಬೀಗ ಹಾಕಿಸ್ತಲ್ಲ" ಅನ್ನುತ್ತಿದ್ದರು. ಹೇಳಿ ಮುಗಿಸಿ, ಆ ತಿಂಗಳ ಹೊಸ ಪುಸ್ತಕ ತೆಗೆದುಕೊಂಡು ಈಜಿಚೇರಿನಲ್ಲಿ ಕೂರುತ್ತಿದ್ದರು.

ಸರಸ್ವತಿ ಪೂಜೆ

ನಮ್ಮತ್ತೆಗೆ ಈ ಪುಸ್ತಕಗಳನ್ನು ಕಂಡರೆ ಆಗುತ್ತಿರಲಿಲ್ಲ. "ಮೀಸೆ ಬಂದವನು ಬಣ್ಣದ ಪುಸ್ತಕ ನೋಡ್ಕೊಂಡು ಕೂತಿದಾನೆ" ಅಂತ ಗೊಣಗುವರು. ಇವರು ವರ್ಷವಿಡೀ ವಾದ ಮಾಡುವರು: "ಅಮ್ಮಾ, ಇದೂ ಪುಸ್ತಕವೇ. ಇದರಲ್ಲೂ ಸರಸ್ವತಿ ಇದ್ದಾಳೆ."

ಒಂದು ವರ್ಷ ಸರಸ್ವತಿ ಪೂಜೆಯ ದಿನವೇ ಬೆಂಗಳೂರಿನಿಂದ ಯಾರೋ ಹೊಸ ಪುಸ್ತಕ ತಂದರು. ಅರ್ಧಕ್ಕೆ ನಿಂತಿದ್ದ ಕಥೆಯ ಕೊನೆಯ ಭಾಗ. ಇವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮಗಳ ಪಾಠದ ಪುಸ್ತಕಗಳ ಜೊತೆಗೆ ಮಣೆಯ ಮೇಲೆ ಜೋಡಿಸಿ, ಮೇಲೊಂದು ರೇಷ್ಮೆ ವಸ್ತ್ರ ಹೊದಿಸಿಬಿಟ್ಟಿದ್ದರು. ಪೂಜೆಗಿಟ್ಟ ಪುಸ್ತಕವನ್ನು ಮರುದಿನ ವಿಜಯದಶಮಿಯವರೆಗೂ ಮುಟ್ಟುವ ಹಾಗಿಲ್ಲ.

ಇವರು ದೇವರಮನೆಯ ಬಾಗಿಲಲ್ಲಿ ಇಡೀ ದಿನ ಸುಳಿದಾಡಿದರು. ಮಂಗಳಾರತಿ ತೆಗೆದುಕೊಳ್ಳಲು ಮೂರು ಸಲ ಬಂದರು. ಸಾಯಂಕಾಲ ತಡೆಯಲಾರದೆ, "ಅಮ್ಮಾ, ನಿಜ ಹೇಳ್ಬೇಕು ಅಂದ್ರೆ ಅದು ಪುಸ್ತಕವೇ ಅಲ್ಲ. ಮಕ್ಕಳಾಟ ಅಷ್ಟೆ. ಅದನ್ನ ಪೂಜೆಗೆ ಇಡಬಾರದು" ಅಂದರು.

ಅತ್ತೆ ಹೂಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತದೆ ಹೇಳಿದರು: "ಹೌದೇನಪ್ಪಾ? ಹಾಗಾದ್ರೆ ತೆಗೆದು ಮಗು ಕೈಗೆ ಕೊಡ್ತೀನಿ. ನಿನಗ್ಯಾಕೆ ಮಕ್ಕಳಾಟ?"

ಮರೀನಾದಲ್ಲಿ ಸಿಕ್ಕ ಪುಸ್ತಕ

ವರ್ಷಗಳು ಕಳೆದವು. ಮಗಳು ಹೈಸ್ಕೂಲಿಗೆ ಬಂದಳು. ಮಾಲೆಯಲ್ಲಿ ಹೊಸದು ಬರುವುದು ನಿಂತಿತು. ಹಳೆಯದರಲ್ಲಿ ಒಂದೇ ಒಂದು ಪುಸ್ತಕ ಸಿಗದೆ ಉಳಿಯಿತು: ಹಡಗಿನಲ್ಲಿ ದ್ವೀಪಕ್ಕೆ ಹೋದ ವರ್ತಕನ ಕಥೆ. ಅಚ್ಚು ಮುಗಿದುಹೋಗಿತ್ತು. ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದವರಿಗೆಲ್ಲ ಹೇಳಿಟ್ಟಿದ್ದರು. ಸಿಗಲಿಲ್ಲ.

ಒಂದು ಭಾನುವಾರ ಮರೀನಾದಲ್ಲಿ ಸುಂಡಲ್, ಅಂದರೆ ಬಟಾಣಿ ಉಸಲಿ, ಮಾರುವ ಮುದುಕನ ಹತ್ತಿರ ಒಂದು ಪೊಟ್ಟಣ ತೆಗೆದುಕೊಂಡೆವು. ಇವರು ಬಟಾಣಿ ಬಾಯಿಗೆ ಹಾಕಿಕೊಂಡವರು ಹಾಗೇ ನಿಂತುಬಿಟ್ಟರು. ಪೊಟ್ಟಣದ ಮೇಲೆ ಹಡಗು, ಹಡಗಿನ ಮೇಲೆ ವರ್ತಕ, ವರ್ತಕನ ಬಾಯಲ್ಲಿ ಕನ್ನಡ! ಯಾವುದೋ ಕನ್ನಡದವರ ಮನೆಯ ರದ್ದಿ, ಮುದುಕನ ಡಬ್ಬಕ್ಕೆ ಬಂದಿತ್ತು.

"ಪೇಪರ್ ಮಾತ್ರ ಕೊಡಿ" ಅಂತ ಇವರು ತಮಿಳಿನಲ್ಲಿ ಕೇಳಿಕೊಂಡರು. ಮುದುಕ ಒಪ್ಪಲಿಲ್ಲ. "ಪೇಪರ್ ಕುಡುತ್ತುಟ್ಟಾ ಸುಂಡಲ ಎದುಲ ಕುಡುಪ್ಪೇನ್, ಸಾರ್?" ಅಂದ. ನ್ಯಾಯವಾದ ಮಾತೇ. ಪೇಪರ್ ಕೊಟ್ಟುಬಿಟ್ಟರೆ ಸುಂಡಲ್ಲನ್ನು ಕೈಯಲ್ಲಿ ಹಿಡಿದು ಮಾರುತ್ತಾನೆಯೇ?

ಸರಿ, ತಿನ್ನತೊಡಗಿದೆವು. ಒಂದು ಪೊಟ್ಟಣಕ್ಕೆ ಒಂದು ಹಾಳೆ. ನಾನು ತಿಂದೆ, ಮಗಳು ತಿಂದಳು, ಇವರಂತೂ ಅಗಿಯುವುದನ್ನೇ ಬಿಟ್ಟು ನುಂಗಿದರು. ಪಕ್ಕದಲ್ಲಿ ಮರಳಿನ ಮೇಲೆ ಕೂತವರಿಗೆಲ್ಲ ಕರೆದು ಕರೆದು ಹಂಚಿದೆವು. ಕಡೆಗೆ ಎಣಿಸಿ ನೋಡಿದರೆ ಕೊನೆಯ ಹಾಳೆ ಇಲ್ಲ. ಮುದುಕ ದೂರಕ್ಕೆ ಕೈತೋರಿಸಿದ. ಅಲ್ಲಿ ಹೊಸದಾಗಿ ಮದುವೆಯಾದ ಹಾಗೆ ಕಾಣುವ ಜೋಡಿಯೊಂದು ಅಲೆಗಳ ಪಕ್ಕ ನಿಧಾನವಾಗಿ ನಡೆಯುತ್ತಾ, ಒಂದೊಂದೇ ಬಟಾಣಿಯನ್ನು ಒಬ್ಬರ ಬಾಯಿಗೆ ಒಬ್ಬರು ಹಾಕುತ್ತಿತ್ತು.

ಇವರು ಪಂಚೆ ಎತ್ತಿ ಕಟ್ಟಿ ಓಡಿದರು. ಆ ಜೋಡಿಯ ಹಿಂದೆಯೇ ಸ್ವಲ್ಪ ದೂರ ನಡೆದರು. ಗಂಡ ತಿರುಗಿ ನೋಡಿ, "ಏನು ಬೇಕು?" ಅಂದ. ಇವರು ಕೈಮುಗಿದು ಕೇಳಿದರಂತೆ: "ಏನಿಲ್ಲ. ಪ್ರೀತಿಯಿಂದಲೇ ತಿನ್ನಿ. ಸ್ವಲ್ಪ ಬೇಗ ತಿನ್ನಿ."

ಇದು ಸಾಹಿತ್ಯವಲ್ಲ

ಎಣ್ಣೆಯ ಹಾಳೆಗಳನ್ನು ಅಂಟಿಸಿ, ಎಲ್ಲವನ್ನೂ ಟ್ರಿಪ್ಲಿಕೇನ್‌ನ ಬೈಂಡಿಂಗಿನವನ ಹತ್ತಿರ ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು ಹಾಕಿಸಿ ಬೀರುವಿನಲ್ಲಿ ಜೋಡಿಸಿದರು. ಮಾಲೆ ಪೂರ್ತಿಯಾಯಿತು. ಅವತ್ತಿನಿಂದ ಇವರ ಮುಖ ಬಾಡಿತು. ಹುಡುಕುವುದಕ್ಕೆ ಏನೂ ಇಲ್ಲ, ಸೆಂಟ್ರಲ್‌ಗೆ ಹೋಗಲು ನೆಪವಿಲ್ಲ. ಅಷ್ಟು ಹೊತ್ತಿಗೆ ಮಗಳು ಕಾಲೇಜು ಸೇರಿದ್ದಳು.

"ಇದನ್ನೆಲ್ಲ ಈಗ ಏನು ಮಾಡೋದೇ?" ಅಂತ ಕೇಳಿದರು.

"ಓದಿ."

"ಎಲ್ಲ ಬಾಯಿಪಾಠ ಆಗಿದೆ. ಇದು ಕನ್ನಡ ಓದೋ ಕೈಗೆ ಹೋಗ್ಬೇಕು. ಇಲ್ಲಿ ನಮ್ಮ ನಂತರ ಯಾರಿದಾರೆ?"

ಮಾರಿಬಿಡಿ ಅಂದರು ಪಕ್ಕದ ಮನೆಯವರು. ಇವರು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಕಡೆಗೆ ನಮ್ಮ ಕಡೆಯ ಕನ್ನಡಿಗರು ನಡೆಸುತ್ತಿದ್ದ ಒಂದು ಪುಟ್ಟ ಪುಸ್ತಕಾಲಯಕ್ಕೆ ಕೊಡೋಣ ಅಂತ ಕಾರ್ಯದರ್ಶಿಗಳನ್ನು ಮನೆಗೆ ಕರೆದರು. ಅವರು ದೊಡ್ಡ ವಿದ್ವಾಂಸರು. ಬೀರು ತೆಗೆದು ನೋಡಿ, ಹಣೆ ಗಂಟಿಕ್ಕಿ, "ಕ್ಷಮಿಸಿ, ಇದು ಸಾಹಿತ್ಯವಲ್ಲ" ಅಂದರು.

ಕಾಫಿ ಮಾಡುವವರೆಗೆ ಸುಮ್ಮನೆ ಕೂರಬೇಕಲ್ಲ ಅಂತ ಒಂದು ಸಂಪುಟ ತೆಗೆದುಕೊಂಡರು. ಕಾಫಿ ಆರಿತು. ಮತ್ತೆ ಬಿಸಿ ಮಾಡಿ ತಂದೆ, ಅದೂ ಆರಿತು. ಊಟದ ಹೊತ್ತಾಯಿತು, ಅವರು ಏಳಲಿಲ್ಲ. ಅವರ ಮನೆಯಿಂದ ಆಳು ಬಂದು ಕರೆದಾಗ ಗಾಬರಿಯಿಂದ ಎದ್ದರು. ಬಾಗಿಲವರೆಗೂ ಹೋದವರು ತಿರುಗಿ ಬಂದು ಗಂಟಲು ಸರಿಮಾಡಿಕೊಂಡು ಕೇಳಿದರು: "ಸಾಹಿತ್ಯವಲ್ಲ ನಿಜ. ಆದರೆ ಆ ರಾಣಿಯನ್ನು ಸೆರೆಯಿಂದ ಬಿಡಿಸಿದರೋ ಇಲ್ಲವೋ, ಅಷ್ಟು ಹೇಳಿಬಿಡಿ."

ಹುಡುಗಿಯ ಒಪ್ಪಿಗೆ

ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ ಅಂತ ಗಾದೆ. ನಮ್ಮ ಮನೆಯಲ್ಲಿ ಹುಚ್ಚು ಅಪ್ಪನಿಗೆ, ಮದುವೆ ಮಗಳಿಗೆ.

ಮೈಸೂರಿನ ಹುಡುಗ, ಬ್ಯಾಂಕಿನಲ್ಲಿ ಕೆಲಸ. ಹುಡುಗನ ಜೊತೆಗೆ ಅವನ ತಾಯಿ, ಅಜ್ಜಿ ಬಂದರು. ಅಜ್ಜಿಯದೊಂದೇ ಚಿಂತೆ ಅಂತ ನಮ್ಮಣ್ಣ ಮೊದಲೇ ಹೇಳಿದ್ದ. "ಮದರಾಸಿನ ಹುಡುಗಿ. ಮಗನೂ ಸೊಸೆಯೂ ಮೊಮ್ಮಗನೂ ಕೆಲಸಕ್ಕೆ ಹೋದ್ಮೇಲೆ ಮನೇಲಿ ಇರೋಳು ನಾನು. ನನ್ನ ಹತ್ರ ಯಾವ ಭಾಷೇಲಿ ಮಾತಾಡ್ತಾಳೆ?" ಅಂದಿದ್ದರಂತೆ. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಮಗಳಿಗೆ ಹುಡುಗ ಬಹಳ ಹಿಡಿಸಿದ್ದ. ಬಾಗಿಲ ಸಂದಿಯಿಂದ ನೋಡಿ ಬಂದು ನನ್ನ ಕೈ ಹಿಸುಕಿ, "ರೊಂಬ ನಲ್ಲಾ ಇರುಕ್ಕಾರ್, ಅಮ್ಮಾ" ಅಂದಳು. "'ತುಂಬ ಚೆನ್ನಾಗಿದಾರೆ' ಅಂತ ಕನ್ನಡದಲ್ಲಿ ಹೇಳೇ" ಅಂದೆ. ತಲೆ ಬಗ್ಗಿಸಿಕೊಂಡಳು.

ಕೇಸರಿಬಾತು ಕೊಟ್ಟಾಯಿತು. ಅಜ್ಜಿ, "ಏನು ಓದಿದೀಯಮ್ಮ?" ಅಂದರು. "ಬಿ.ಎಸ್ಸಿ." ಅಂದರು ನಮ್ಮವರು. "ಅಡುಗೆ ಬರುತ್ತಾ?" "ಚೆನ್ನಾಗಿ ಮಾಡ್ತಾಳೆ" ಅಂದೆ ನಾನು. "ಹಾಡು?" "ದೇವರನಾಮ ಹೇಳ್ತಾಳೆ" ಅಂದರು ನಮ್ಮತ್ತೆ.

ಅಜ್ಜಿ ತಟ್ಟೆ ಕೆಳಗಿಟ್ಟರು. "ನಿಮ್ಮ ಮೂರು ಜನರನ್ನ ನೋಡೋಕೆ ನಾನು ಬಂದಿಲ್ಲ. ನೀನು ಹೇಳಮ್ಮ. ನಮ್ಮ ಹುಡುಗ ನಿನಗೆ ಒಪ್ಪಿಗೇನಾ?"

ಇವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಗಳು ಅಜ್ಜಿಯ ಕಡೆ ತಿರುಗಿದಳು. ಮನೆಯಲ್ಲಿ ಆಡುವ ನಾಲ್ಕು ಕನ್ನಡದ ಮಾತೂ ಹೆದರಿಕೆಗೆ ಎಲ್ಲೋ ಓಡಿಹೋಗಿರಬೇಕು. ತಲೆ ಎತ್ತಿ, ನೆಟ್ಟಗೆ ನಿಂತು, ಸ್ಪಷ್ಟವಾಗಿ ಹೇಳಿದಳು:

"ಪೂಜ್ಯರೇ, ನಾನು ಇವರನ್ನು ಮನಸಾರೆ ವರಿಸಿದ್ದೇನೆ. ನನ್ನ ನಿರ್ಧಾರ ಅಚಲ."

ಹುಡುಗನಿಗೆ ಕಾಫಿ ನೆತ್ತಿಗೇರಿತು. ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇವರು ಕಣ್ಣು ಮುಚ್ಚಿಬಿಟ್ಟರು. ಅಜ್ಜಿ ಮಾತ್ರ ನಗಲಿಲ್ಲ. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಿಂಹಾಸನದ ಮೇಲೆ ಕೂತವರ ಹಾಗೆ ಬೆನ್ನು ನೇರ ಮಾಡಿ, ಬಲಗೈ ಎತ್ತಿ ಹೇಳಿದರು: "ತಥಾಸ್ತು."

ಆಮೇಲೆ ನಕ್ಕದ್ದಕ್ಕೆ ಲೆಕ್ಕವಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕವಳು ಮಗಳು. ತನ್ನ ಕನ್ನಡಕ್ಕೆ ತಾನೇ ನಗುವುದನ್ನು ಅವತ್ತು ಕಲಿತಳು. ನನಗೆ ಮಾತ್ರ ಕಣ್ಣಲ್ಲಿ ನೀರು.

ಇಂಥ ಮಾತು ಎಲ್ಲಿ ಕಲಿತೆ ಅಂತ ಅಜ್ಜಿ ಕೇಳಿದಾಗ ಇವರು ಎದ್ದು ಹೋಗಿ ಬೀರು ತೆಗೆದು ತೋರಿಸಿದರು. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದೇ ಸಂಪುಟ ತಿರುವಿದರು. ಅವರ ಮುಖ ಎಳೇ ಮಗುವಿನದಾಯಿತು.

"ನಮಗೆ ಬೆಳ್ಳಿ ಬೇಡ, ಬಂಗಾರ ಬೇಡ" ಅಂದರು. "ಹುಡುಗೀನ ಕಳಿಸಿ, ಜೊತೆಗೆ ಈ ಪುಸ್ತಕಗಳನ್ನ ಕಳಿಸಿ. ನಾನು ಓದ್ತೀನಿ. ನಾಳೆ ಮಕ್ಕಳಾದ್ರೆ ಅವೂ ಓದ್ತವೆ."

ಕನ್ನಡ ಓದುವ ಕೈ ಬೇಕು ಅಂತ ಇವರು ಊರೆಲ್ಲ ಹುಡುಕಿದ್ದರು. ಆ ಕೈ ತಾನಾಗಿಯೇ ಮನೆಗೆ ಬಂದು ಕೇಳುತ್ತಿದೆ. ಇವರು ಕುಣಿದಾಡುತ್ತಾರೆ ಅಂದುಕೊಂಡು ತಿರುಗಿ ನೋಡಿದೆ. ಬೀರುವಿನ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದಾರೆ.

"ಅಮ್ಮಾ" ಅಂದರು, "ಹುಡುಗೀನ ಬೇಕಾದ್ರೆ ಈ ತಿಂಗಳೇ ಕಳಿಸ್ತೀನಿ. ಪುಸ್ತಕಕ್ಕೆ ಸ್ವಲ್ಪ ಟೈಮ್ ಕೊಡಿ."